ಮೂರು ಗುಂಡಿಯ ಮೌಸ್‌ಗೆ ಹುಟ್ಟಿದ ತಂತ್ರಾಂಶ: ಹಳೆಯ ವರ್ಕ್‌ಸ್ಟೇಷನ್ನಿನಲ್ಲಿ ಎಕ್ಸ್‌ಫಿಗ್, ಟಿಗಿಫ್, ಎಫ್‌ಡಿಸೈನ್

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಗುಜರಿ ಅಂಗಡಿಯ ಮೂಲೆಯಲ್ಲಿ, ಕೆಟ್ಟುಹೋದ ಯುಪಿಎಸ್‌ಗಳ ರಾಶಿಯ ಅಡಿಯಲ್ಲಿ, ಸನ್ ಕಂಪನಿಯ ಸ್ಪಾರ್ಕ್‌ಸ್ಟೇಷನ್ 5 ಎಂಬ ವರ್ಕ್‌ಸ್ಟೇಷನ್ (ಎಂಜಿನಿಯರುಗಳೂ ಸಂಶೋಧಕರೂ ಬಳಸುತ್ತಿದ್ದ ಮೇಜಿನ ಕಂಪ್ಯೂಟರ್) ಒಂದು ನನ್ನ ಕಣ್ಣಿಗೆ ಬಿತ್ತು. 1994ರಲ್ಲಿ ಮಾರುಕಟ್ಟೆಗೆ ಬಂದ, ಚಪ್ಪಟೆಯಾಗಿರುವ ಕಾರಣಕ್ಕೆ ಪಿಜ್ಜಾ ಪೆಟ್ಟಿಗೆ ಎಂಬ ಅಡ್ಡಹೆಸರು ಪಡೆದ ಈ ಯಂತ್ರವನ್ನು ಅಂಗಡಿಯವರು ಹಳೆಯ ವಿಸಿಆರ್ ಎಂದೇ ತಿಳಿದಿದ್ದರು. ತೂಕದ ಲೆಕ್ಕದಲ್ಲಿ ಕೊಟ್ಟರು. ಅದನ್ನು ಶೋಕಿಗೆ ಮನೆಯಲ್ಲಿ ಇಟ್ಟುಕೊಳ್ಳುವ ಇಚ್ಛೆ ನನಗಿರಲಿಲ್ಲ, ಅದರಲ್ಲಿ ಕೆಲಸ ಮಾಡಬೇಕಿತ್ತು. ಎರಡು ಕೆಲಸಗಳು ಕೈಯಲ್ಲಿದ್ದವು: ಮಳೆನೀರು ಸೋಸುವ ಡ್ರಮ್ಮಿನ ಅಡ್ಡಸೀಳು ಚಿತ್ರವೊಂದನ್ನು ಬರೆಯುವುದು, ಮತ್ತು ಮನೆಯ ಸಂಪಿನ ನೀರಿನ ಮಟ್ಟ ತೋರಿಸುವ, ಪಂಪನ್ನು ಚಾಲೂ ಮಾಡುವ ಪುಟ್ಟ ಕಿಟಕಿಯೊಂದನ್ನು ಪರದೆಯ ಮೇಲೆ ರೂಪಿಸುವುದು. ಇವೆರಡಕ್ಕೂ ಕಾಸು ಕೊಡದೆ ಸಿಗುವ, ಆ ಯಂತ್ರದ ಕಾಲದವೇ ಆದ ತಂತ್ರಾಂಶಗಳು ಯಾವುವು, ಅವು ಇಂದಿಗೂ ಕೈಗೆ ಒದಗುತ್ತವೆಯೇ ಎಂಬುದನ್ನು ನಾಲ್ಕು ತಿಂಗಳ ಬಳಕೆಯ ಆಧಾರದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ. ಚಿತ್ರಕ್ಕೆ ಎಕ್ಸ್‌ಫಿಗ್ ಮತ್ತು ಟಿಗಿಫ್, ಕಿಟಕಿಗೆ ಎಫ್‌ಡಿಸೈನ್ ಒದಗಿದವು.

ಮೊದಲು ಯಂತ್ರದ ಅವಸ್ಥೆಯನ್ನು ಹೇಳಬೇಕು, ಏಕೆಂದರೆ ತಂತ್ರಾಂಶದ ಗುಣದೋಷಗಳಲ್ಲಿ ಅರ್ಧ ಅಲ್ಲಿಂದಲೇ ಬಂದವು. ಈ ಪೀಳಿಗೆಯ ಯಂತ್ರಗಳಲ್ಲಿ ಗಡಿಯಾರವನ್ನೂ ಈಥರ್‌ನೆಟ್ ವಿಳಾಸವನ್ನೂ ನೆನಪಿಟ್ಟುಕೊಳ್ಳುವ ಚಿಪ್ಪಿನ ಒಳಗೇ ಬ್ಯಾಟರಿಯನ್ನು ಹುದುಗಿಸಿರುತ್ತಾರೆ. ಅದು ಸತ್ತ ಮೇಲೆ ಯಂತ್ರಕ್ಕೆ ತಾನು ಯಾರೆಂಬುದೇ ಮರೆತುಹೋಗಿ, ಪ್ರತಿ ಸಲ ಚಾಲೂ ಮಾಡಿದಾಗಲೂ ಗುರುತಿನ ವಿವರ ಸರಿಯಿಲ್ಲವೆಂದು ದೂರುತ್ತದೆ. ಇನ್ನು ಮೌಸ್. ಇದು ಬೆಳಕಿನಿಂದ ಕೆಲಸ ಮಾಡುವ ಮೌಸ್ ಆದರೂ ಇಂದಿನವುಗಳಂತೆ ಯಾವ ಮೇಜಿನ ಮೇಲಾದರೂ ಓಡುವುದಿಲ್ಲ. ಸಣ್ಣ ಚೌಕುಳಿ ಗೆರೆಗಳನ್ನು ಅಚ್ಚೊತ್ತಿದ ಹೊಳೆಯುವ ಲೋಹದ ಹಲಗೆ ಅದರ ಅಡಿಗೆ ಇರಲೇಬೇಕು. ಗುಜರಿಯಲ್ಲಿ ಮೌಸ್ ಸಿಕ್ಕಿತು, ಹಲಗೆ ಸಿಗಲಿಲ್ಲ. ಹಲಗೆಗಾಗಿ ಮೂರು ವಾರ ಅಲೆದು, ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಬಿಸಿ ಪಾತ್ರೆ ಇಡುವ ಮಣೆಯಾಗಿ ಬಳಕೆಯಲ್ಲಿದ್ದುದನ್ನು ಬಿಡಿಸಿಕೊಂಡು ಬಂದೆ. ಅದರ ಒಂದು ಅಂಚಿನಲ್ಲಿ ಇಂದಿಗೂ ಸಾರಿನ ಕಲೆ ಇದೆ, ಆ ಜಾಗಕ್ಕೆ ಬಂದಾಗ ತೆರೆಯ ಮೇಲಿನ ಬಾಣ ಒಂದು ಕ್ಷಣ ಮುಗ್ಗರಿಸುತ್ತದೆ.

ಆ ಕಾಲದಲ್ಲಿ ಉಚಿತ ತಂತ್ರಾಂಶವೆಂದರೆ ಮೂಲ ಸಂಕೇತವೇ, ಅಂದರೆ ಪ್ರೋಗ್ರಾಮರ್ ಬರೆದ ಪಠ್ಯ. ಎಂಐಟಿಯಲ್ಲಿ ಸಿದ್ಧವಾಗುತ್ತಿದ್ದ ಎಕ್ಸ್ ವಿಂಡೋ ವ್ಯವಸ್ಥೆಯ (ಯುನಿಕ್ಸ್ ಯಂತ್ರಗಳ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ತಂತ್ರಾಂಶದ) ಜೊತೆಗೆ ಬಳಕೆದಾರರು ಕೊಟ್ಟ ತಂತ್ರಾಂಶಗಳ ಪ್ರತ್ಯೇಕ ಭಾಗವೊಂದು ಇರುತ್ತಿತ್ತು. ಅದನ್ನು ಟೇಪಿನಲ್ಲಿ ತರಿಸಿಕೊಂಡೋ, ಹೆಸರು ಹೇಳದೆ ಒಳಹೋಗಬಹುದಾದ ಎಫ್‌ಟಿಪಿ ಭಂಡಾರಗಳಿಂದ ಇಳಿಸಿಕೊಂಡೋ, ತಮ್ಮ ಯಂತ್ರದಲ್ಲಿ ತಾವೇ ಕಂಪೈಲ್ ಮಾಡಿಕೊಳ್ಳಬೇಕಿತ್ತು, ಅಂದರೆ ಆ ಪಠ್ಯವನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕಿತ್ತು. ಯಾವ ಭಂಡಾರದಲ್ಲಿ ಏನಿದೆ ಎಂದು ಹುಡುಕಿಕೊಡಲು 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಆರ್ಚಿ ಎಂಬ ಸೇವೆ ಹುಟ್ಟಿತು. ಇಂದು ಅಷ್ಟು ಕಷ್ಟವಿಲ್ಲ. ನಾನು ಸ್ಪಾರ್ಕ್‌ಸ್ಟೇಷನ್ನಿಗೆ ನೆಟ್‌ಬಿಎಸ್‌ಡಿ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿದೆ, ಅದರ ಪಿಕೆಜಿಎಸ್‌ಆರ್‌ಸಿ ಸಂಗ್ರಹದಲ್ಲಿ ಕೆಳಗೆ ಹೇಳುವ ಮುಖ್ಯ ತಂತ್ರಾಂಶಗಳು ಇವೆ. ಯಂತ್ರವೇ ಇಲ್ಲದವರು ಕ್ಯೂಎಂಯು ಎಂಬ ಎಮ್ಯುಲೇಟರಿನಲ್ಲಿ ಸ್ಪಾರ್ಕ್‌ಸ್ಟೇಷನ್ 5ನ್ನೇ ಲ್ಯಾಪ್‌ಟಾಪಿನ ಒಳಗೆ ಎಬ್ಬಿಸಬಹುದು.

ಯಂತ್ರದೊಂದಿಗೆ ಬಂದ ಸನ್‌ನ ಹಳೆಯ ಕಾರ್ಯಾಚರಣ ವ್ಯವಸ್ಥೆ ಸನ್ಓಎಸ್ 4ರಲ್ಲೇ ಉಳಿಯುತ್ತೇನೆ ಎನ್ನುವ ಹಟವಾದಿಗಳಿಗೆ ಮಾತ್ರ ಒಂದು ಮಾತು: ತಂತ್ರಾಂಶವನ್ನು ಹುಡುಕುವ ಮುನ್ನ ಅದು ಯಾವ ಲೈಬ್ರರಿಯ (ಸಿದ್ಧ ಸಂಕೇತದ ಕಟ್ಟಿನ) ಹೆಗಲ ಮೇಲೆ ಕೂತಿದೆ ಎಂಬುದನ್ನು ಕೇಳಬೇಕು. ಕಿಟಕಿಗೆ ಗುಂಡಿ, ಪಟ್ಟಿಗಳನ್ನು ಒದಗಿಸುವ ಮೋಟಿಫ್ ಲೈಬ್ರರಿ ಆ ದಿನಗಳಲ್ಲಿ ದುಡ್ಡು ಕೊಟ್ಟು ಪಡೆಯಬೇಕಾದ ಸರಕು. ಅದೇ ಕೆಲಸ ಮಾಡುವ ಎಂಐಟಿಯ ಉಚಿತ ಅಥೀನಾ ವಿಜೆಟ್‌ಗಳು ಸನ್‌ನ ಕಿಟಕಿ ವ್ಯವಸ್ಥೆಯಾದ ಓಪನ್‌ವಿಂಡೋಸ್ ಜೊತೆ ಬರುತ್ತಿರಲಿಲ್ಲ. ಅಥೀನಾವನ್ನು ಬೇರೆಯಾಗಿ ತಂದು ಕಟ್ಟಿದರೂ, ಕೊನೆಯ ಜೋಡಣೆಯ ಹಂತದಲ್ಲಿ 'ಗೆಟ್ ಡಬ್ಲ್ಯುಎಂ ಶೆಲ್ ವಿಜೆಟ್ ಕ್ಲಾಸ್' ಎಂಬ ಹೆಸರು ಸಿಗುತ್ತಿಲ್ಲವೆಂದು ಯಂತ್ರ ಮುನಿಸಿಕೊಳ್ಳುತ್ತಿದ್ದುದು ಆ ತಲೆಮಾರಿನ ಪ್ರತಿಯೊಬ್ಬ ಸಿಸ್ಟಂ ನಿರ್ವಾಹಕನಿಗೂ ಗೊತ್ತಿದ್ದ ಕಥೆ. ಎಕ್ಸ್‌ಎಂಯು ಎಂಬ ಒಂದು ಲೈಬ್ರರಿಯನ್ನು ಮಾತ್ರ ಸ್ಥಿರವಾಗಿ, ಅಂದರೆ ತಂತ್ರಾಂಶದ ಒಳಗೇ ಸೇರಿಸಿ, ಬೆಸೆದುಬಿಟ್ಟರೆ ಆ ಮುನಿಸು ಇಳಿಯುತ್ತಿತ್ತು.

ಈಗ ಚಿತ್ರ ಬರೆಯುವ ಎಕ್ಸ್‌ಫಿಗ್. ಸುಪೋಜ್ ಸುತಾಂತವಿಬುಲ್ 1985ರಲ್ಲಿ ಇದರ ಮೊದಲ ರೂಪವನ್ನು ಬರೆದರು. ಕೆನ್ ಯಾಪ್ ಅದನ್ನು ಎಕ್ಸ್ ವ್ಯವಸ್ಥೆಗೆ ಒಗ್ಗಿಸಿದರು. 1991ರಲ್ಲಿ ಪಾಲ್ ಕಿಂಗ್ ಅದರ ಮುಖಚಹರೆಯನ್ನು ಬದಲಿಸಿದರು. ಬ್ರಯಾನ್ ಸ್ಮಿತ್ ಬಹುಕಾಲ ಅದನ್ನು ಸಾಕಿದರು. ತೆರೆದ ಕೂಡಲೇ ಕಾಣುವುದು ಎಡಗಡೆ ಎರಡು ಸಾಲು ಚಿತ್ರಗುಂಡಿಗಳು, ಕೆಳಗೆ ಗೆರೆಯ ದಪ್ಪ, ಬಣ್ಣ, ಆಳ ಮುಂತಾದವುಗಳ ಪಟ್ಟಿ, ಮತ್ತು ಮೇಲೆ ಬಲ ಮೂಲೆಯಲ್ಲಿ ಒಂದು ಪುಟ್ಟ ಮೌಸ್‌ನ ಚಿತ್ರ. ಈ ಚಿತ್ರವೇ ಎಕ್ಸ್‌ಫಿಗ್‌ನ ಜೀವ. ನೀವು ಆರಿಸಿಕೊಂಡ ಉಪಕರಣದಲ್ಲಿ ಎಡ, ನಡು, ಬಲ ಗುಂಡಿಗಳು ಆ ಕ್ಷಣದಲ್ಲಿ ಏನು ಮಾಡುತ್ತವೆ ಎಂಬುದನ್ನು ಅದು ಸದಾ ಹೇಳುತ್ತಿರುತ್ತದೆ. ಬಹುಕೋನದ ಗೆರೆ ಎಳೆಯುವಾಗ ಎಡಗುಂಡಿ ಬಿಂದು ಇಡುತ್ತದೆ, ನಡುಗುಂಡಿ ಕೊನೆಯ ಬಿಂದುವನ್ನಿಟ್ಟು ಗೆರೆಯನ್ನು ಮುಗಿಸುತ್ತದೆ, ಬಲಗುಂಡಿ ಎಲ್ಲವನ್ನೂ ರದ್ದು ಮಾಡುತ್ತದೆ. ಒಂದು ಗಂಟೆ ಕಳೆಯುವುದರೊಳಗೆ ಬೆರಳುಗಳು ಇದನ್ನು ಕಲಿತುಬಿಡುತ್ತವೆ, ಆಮೇಲೆ ಕಣ್ಣು ಮೂಲೆಗೆ ಹೋಗುವುದಿಲ್ಲ.

ಇಂದಿನ ಚಿತ್ರ ತಂತ್ರಾಂಶಗಳಿಗೆ ಒಗ್ಗಿದವರು ಎಡವುವುದು ಬೇರೆ ಕಡೆ. ಇಂದು ನಾವು ಮೊದಲು ವಸ್ತುವನ್ನು ಆರಿಸಿ, ಆಮೇಲೆ ಅದನ್ನು ಏನು ಮಾಡಬೇಕೆಂದು ಹೇಳುತ್ತೇವೆ. ಎಕ್ಸ್‌ಫಿಗ್‌ನಲ್ಲಿ ಮೊದಲು 'ಸರಿಸು' ಎಂಬ ಗುಂಡಿಯನ್ನು ಒತ್ತಬೇಕು; ಒತ್ತಿದೊಡನೆ ಚಿತ್ರದ ಎಲ್ಲ ವಸ್ತುಗಳ ಮೂಲೆಗಳಲ್ಲೂ ಎಳ್ಳುಕಾಳಿನಂಥ ಚೌಕಗಳು ಮೂಡುತ್ತವೆ, ಅವುಗಳಲ್ಲಿ ಬೇಕಾದುದನ್ನು ಒತ್ತಬೇಕು. ಕರ್ಮಪದ ಮೊದಲು, ಕ್ರಿಯಾಪದ ಕೊನೆಗೆ ಎಂಬುದು ಕನ್ನಡದ ವಾಕ್ಯಕ್ರಮವಾದರೆ, ಇಲ್ಲಿ 'ಅಳಿಸಿದೆನು, ಗೆರೆಯನ್ನು' ಎಂಬ ತಲೆಕೆಳಗಾದ ವ್ಯಾಕರಣ. ಮೊದಲ ವಾರ ಇದು ರೇಗಿಸುತ್ತದೆ. ಆದರೆ ಒಂದೇ ಕೆಲಸವನ್ನು ಇಪ್ಪತ್ತು ವಸ್ತುಗಳಿಗೆ ಮಾಡಬೇಕಾದಾಗ, ಒಮ್ಮೆ ಕ್ರಿಯಾಪದವನ್ನು ಹೇಳಿ ಇಪ್ಪತ್ತು ಸಲ ಮೌಸ್ ಒತ್ತಿದರೆ ಸಾಕೆಂಬ ಅನುಕೂಲವೂ ಅದರಲ್ಲೇ ಇದೆ.

ನನ್ನ ಡ್ರಮ್ಮಿನ ಚಿತ್ರಕ್ಕೆ ಎಕ್ಸ್‌ಫಿಗ್ ಹೇಳಿ ಮಾಡಿಸಿದಂತಿತ್ತು. ಡ್ರಮ್ಮಿಗೆ ಮೂಲೆ ದುಂಡಾದ ಆಯತ, ಸೂರಿನಿಂದ ಇಳಿಯುವ ಕೊಳವೆಗೆ ಸ್ಪ್ಲೈನ್ ಬಾಗುಗೆರೆ, ಒಳಗೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮರಳು ಹೀಗೆ ನಾಲ್ಕು ಪದರಗಳು. ಪ್ರತಿ ವಸ್ತುವಿಗೂ 0ಯಿಂದ 999ರವರೆಗೆ ಒಂದು ಆಳ ಇರುತ್ತದೆ. ಅಂಕಿ ಹೆಚ್ಚಾದಷ್ಟೂ ವಸ್ತು ಹಿಂದೆ ಸರಿಯುತ್ತದೆ. ಪದರಗಳನ್ನು 60ರಲ್ಲಿಟ್ಟು ಹೊರಗೆರೆಯನ್ನು 50ರಲ್ಲಿಟ್ಟರೆ ಅಂಚು ಎಂದೂ ಮುಚ್ಚಿಹೋಗುವುದಿಲ್ಲ. ತುಂಬುವ ವಿನ್ಯಾಸಗಳಲ್ಲಿ ಇಟ್ಟಿಗೆ ಗೋಡೆ, ಮೀನಿನ ಹುರುಪೆ, ಷಟ್ಕೋನ, ಟೈರಿನ ಅಚ್ಚು ಕೂಡ ಇವೆ. ಸಂಪಿನ ಗೋಡೆಗೆ ಇಟ್ಟಿಗೆ ಸಿಕ್ಕಿತು, ಜಲ್ಲಿಗೆ ಷಟ್ಕೋನ ಒಪ್ಪಿತು. ಟೈರಿನ ಅಚ್ಚನ್ನು ಯಾರು ಯಾವುದಕ್ಕೆ ಕೇಳಿದ್ದರೋ ನನಗೆ ಹೊಳೆಯಲಿಲ್ಲ. ಬಣ್ಣದ ವಿಷಯದಲ್ಲೂ ಇದು ಯಂತ್ರದ ಬಡತನವನ್ನು ಅರಿತು ನಡೆಯುತ್ತದೆ. ನನ್ನ ಯಂತ್ರದ 8 ಬಿಟ್ ಗ್ರಾಫಿಕ್ಸ್ ಕಾರ್ಡಿನಲ್ಲಿ ಏಕಕಾಲಕ್ಕೆ 256 ಬಣ್ಣಗಳಷ್ಟೇ ಇರಲು ಸಾಧ್ಯ, ಅವನ್ನು ತೆರೆದಿರುವ ಎಲ್ಲ ತಂತ್ರಾಂಶಗಳೂ ಹಂಚಿಕೊಳ್ಳಬೇಕು. ಒಂದು ಹೊಟ್ಟೆಬಾಕ ತಂತ್ರಾಂಶ ತನ್ನದೇ ಬಣ್ಣದ ಪಟ್ಟಿ ಬೇಕೆಂದರೆ, ಬಾಣವನ್ನು ಅದರ ಕಿಟಕಿಯೊಳಗೆ ಒಯ್ದೊಡನೆ ಪರದೆಯ ಉಳಿದ ಭಾಗವೆಲ್ಲ ಓಕುಳಿಯಾಡಿದಂತಾಗುತ್ತದೆ. ಎಕ್ಸ್‌ಫಿಗ್ ತನ್ನ ಸಿದ್ಧ ಬಣ್ಣಗಳನ್ನು 32ಕ್ಕೆ ನಿಲ್ಲಿಸಿ, ಹೆಚ್ಚು ಬೇಕಾದವರು ತಾವೇ ಬೆರೆಸಿಕೊಳ್ಳಲಿ ಎಂದು ಬಿಟ್ಟಿದೆ.

ಎಕ್ಸ್‌ಫಿಗ್‌ಗೆ ನಾನು ಮನಸೋತದ್ದು ಅದರ ಕಡತವನ್ನು ತೆರೆದು ನೋಡಿದಾಗ. ಫಿಗ್ ಕಡತವೆಂದರೆ ಅಂಕಿಗಳ ಸರಳ ಪಠ್ಯ. ಒಂದು ಗೆರೆ ಅದರಲ್ಲಿ ಹೀಗಿರುತ್ತದೆ:

2 1 0 1 0 7 50 -1 -1 0.000 0 0 -1 0 0 2
1200 1200 3600 1200

ಮೊದಲ 2 ಎಂದರೆ ಗೆರೆಗಳ ಜಾತಿ, ನಂತರದ 1 ಎಂದರೆ ತೆರೆದ ಗೆರೆ. ಅಲ್ಲೇ 2 ಇದ್ದಿದ್ದರೆ ಆಯತ, 3 ಇದ್ದಿದ್ದರೆ ಬಹುಕೋನ. ಮುಂದಿನ 0 ಅಖಂಡ ಗೆರೆಯೆಂದೂ, 1 ಅದರ ದಪ್ಪವೆಂದೂ, 0 ಕಪ್ಪು ಬಣ್ಣವೆಂದೂ, 50 ಆಳವೆಂದೂ ಓದಿಕೊಳ್ಳಬೇಕು. ಸಾಲಿನ ಕೊನೆಯ 2, ಎರಡು ಬಿಂದುಗಳಿವೆ ಎನ್ನುತ್ತದೆ. ಒಂದು ಅಂಗುಲಕ್ಕೆ 1200 ಮಾನಗಳಾದ್ದರಿಂದ ಈ ಗೆರೆ ಒಂದನೆಯ ಅಂಗುಲದಿಂದ ಮೂರನೆಯ ಅಂಗುಲದವರೆಗೆ ಅಡ್ಡಲಾಗಿ ಎರಡು ಅಂಗುಲ ಓಡಿದೆ. ಇಷ್ಟು ತಿಳಿದ ಮೇಲೆ ಚಿತ್ರವನ್ನು ಮೌಸಿಲ್ಲದೆಯೂ ತಿದ್ದಬಹುದು. ಡ್ರಮ್ಮಿನ ತಳದಲ್ಲಿ ಸಮ ಅಂತರದ ನಲವತ್ತು ತೂತುಗಳು ಬೇಕಿದ್ದಾಗ ನಾನು ಆಕ್ ಎಂಬ, ಪಠ್ಯ ಸಂಸ್ಕರಿಸುವ ಪುಟ್ಟ ಭಾಷೆಯ ಎಂಟು ಸಾಲಿನ ಸ್ಕ್ರಿಪ್ಟಿನಿಂದ ಆ ಅಂಕಿಗಳನ್ನು ಉದುರಿಸಿ ಕಡತದ ಕೊನೆಗೆ ಸೇರಿಸಿದೆ. ಹಾಗೆ ಮಾಡಿದ ಚಿತ್ರವನ್ನು ಫಿಗ್2ಡೆವ್ ಎಂಬ ಜೊತೆಗಾರ ತಂತ್ರಾಂಶ ಪೋಸ್ಟ್‌ಸ್ಕ್ರಿಪ್ಟ್ (ಮುದ್ರಕಗಳ ಭಾಷೆ), ಪಿಡಿಎಫ್, ಎಸ್‌ವಿಜಿ, ಲೇಟೆಕ್ ಮೊದಲಾದ ರೂಪಗಳಿಗೆ ಇಳಿಸುತ್ತದೆ. ಲೇಖನ, ಪುಸ್ತಕಗಳ ಅಕ್ಷರಜೋಡಣೆಗೆ ಲೇಟೆಕ್ ಬಳಸುವವರಿಗೆ ಇಲ್ಲಿ ಒಂದು ವಿಶೇಷವಿದೆ: ಚಿತ್ರದೊಳಗಿನ ಪಠ್ಯಕ್ಕೆ 'ಸ್ಪೆಷಲ್' ಎಂಬ ಗುರುತು ಹಚ್ಚಿದರೆ, ಗೆರೆಗಳು ಒಂದು ಕಡತಕ್ಕೆ, ಅಕ್ಷರಗಳು ಇನ್ನೊಂದು ಕಡತಕ್ಕೆ ಹೋಗಿ, ಅಕ್ಷರಗಳನ್ನು ಲೇಟೆಕ್ಕೇ ತನ್ನ ಫಾಂಟಿನಲ್ಲಿ ಜೋಡಿಸುತ್ತದೆ. ಚಿತ್ರದ ಅಕ್ಷರಕ್ಕೂ ಲೇಖನದ ಅಕ್ಷರಕ್ಕೂ ಆಗ ಭೇದ ಉಳಿಯುವುದಿಲ್ಲ.

ಕನ್ನಡದ ದಾರಿಯೂ ಇದೇ. ಎಕ್ಸ್‌ಫಿಗ್ ತನ್ನ ಅಕ್ಷರಗಳಿಗೆ ನೆಚ್ಚಿಕೊಂಡಿರುವುದು ಪೋಸ್ಟ್‌ಸ್ಕ್ರಿಪ್ಟ್ ಮುದ್ರಕಗಳಲ್ಲಿ ರೂಢಿಯಾಗಿದ್ದ 35 ಫಾಂಟುಗಳನ್ನು, ಅವುಗಳಲ್ಲಿ ಕನ್ನಡ ಇಲ್ಲ. ಆದ್ದರಿಂದ 'ಮರಳು' ಎಂದು ಬರಬೇಕಾದ ಜಾಗದಲ್ಲಿ ನಾನು ಲೇಟೆಕ್ ಆಜ್ಞೆಯ ರೂಪದ ಒಂದು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಸ್ಪೆಷಲ್ ಗುರುತು ಹಚ್ಚಿ, ಆ ಆಜ್ಞೆಗೆ ಕನ್ನಡ ಪದವನ್ನು ಲ್ಯಾಪ್‌ಟಾಪಿನಲ್ಲಿ, ಲೇಟೆಕ್ ಬಳಗದ ಕನ್ನಡ ಬಲ್ಲ ಝೀಟೆಕ್ ಕಡತದ ಮೇಲ್ಭಾಗದಲ್ಲಿ ಒಮ್ಮೆ ಹೇಳಿಕೊಟ್ಟೆ. ಒತ್ತಕ್ಷರಗಳು ಸರಿಯಾಗಿಯೇ ಕೂತವು. ಆದರೆ ಕನ್ನಡದ ಪದ ಇಂಗ್ಲಿಷ್ ಹೆಸರಿಗಿಂತ ಎಷ್ಟು ಅಗಲ ಹಿಡಿಯುತ್ತದೆ ಎಂಬುದು ಎಕ್ಸ್‌ಫಿಗ್‌ಗೆ ತಿಳಿಯದು. 'ಹೆಚ್ಚುವರಿ ನೀರಿನ ಕೊಳವೆ' ಎಂಬುದು ಡ್ರಮ್ಮಿನ ಗೋಡೆಯನ್ನು ದಾಟಿ ಜಲ್ಲಿಯ ಮೇಲೆ ಮಲಗಿತ್ತು. ಮೂರು ಸಲ ಮುದ್ರಿಸಿ ನೋಡಿ ಸರಿಮಾಡಬೇಕಾಯಿತು.

ದೋಷಗಳನ್ನು ಮುಚ್ಚಿಡಲಾಗದು. ಮಾಡಿದ್ದನ್ನು ಹಿಂತೆಗೆಯುವ ಅವಕಾಶ ಒಂದೇ ಹೆಜ್ಜೆ. ಎರಡು ಹೆಜ್ಜೆ ಹಿಂದಿನ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಹೊಸ ಹೆಸರಿನಲ್ಲಿ ಉಳಿಸಿಕೊಳ್ಳುವ ಅಭ್ಯಾಸ ಇಲ್ಲದವರು ಇದರ ತಂಟೆಗೆ ಹೋಗಬಾರದು. ಪಾರದರ್ಶಕ ಬಣ್ಣವಿಲ್ಲ, ಆದ್ದರಿಂದ ನೀರನ್ನು ನೀರಿನಂತೆ ತೋರಿಸಲು ಅಡ್ಡಗೆರೆಗಳೇ ಗತಿ. ಹಲವು ವಸ್ತುಗಳನ್ನು ಒಟ್ಟಿಗೆ ಸರಿಸಬೇಕಾದರೆ ಮೊದಲು ಅವನ್ನು ಅಂಟಿಸಿ ಒಂದು ಗುಂಪು ಮಾಡಬೇಕು, ಒಳಗೆ ತಿದ್ದಬೇಕಾದರೆ ಮತ್ತೆ ಆ ಗುಂಪನ್ನು ತೆರೆಯಬೇಕು ಅಥವಾ ಒಡೆಯಬೇಕು.

ಟಿಗಿಫ್ ಬಗ್ಗೆ ಇಷ್ಟು ಬರೆಯುವ ಅಗತ್ಯವಿಲ್ಲವಾದರೂ ಅದನ್ನು ಬಿಡುವಂತಿಲ್ಲ. ವಿಲಿಯಂ ಚಿಯಾ-ವೇ ಚೆಂಗ್ ಬರೆದ ಇದು ಅಥೀನಾವನ್ನಾಗಲಿ ಮೋಟಿಫನ್ನಾಗಲಿ ಕೇಳದೆ ಎಕ್ಸ್‌ನ ತಳದ ಲೈಬ್ರರಿಯೊಂದರ ಮೇಲೆಯೇ ನಿಲ್ಲುತ್ತದೆ. ಹಳೆಯ ಸನ್ಓಎಸ್‌ನಲ್ಲಿ ಉಳಿದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನಡುಗುಂಡಿ ಒತ್ತಿದರೆ ಬಾಣವಿದ್ದಲ್ಲೇ ಮುಖ್ಯ ಪಟ್ಟಿ ತೆರೆಯುತ್ತದೆ, ಬಲಗುಂಡಿ ಒತ್ತಿದರೆ ಉಪಕರಣಗಳ ಪಟ್ಟಿ. ಇದರ ಕಡತ ತರ್ಕವನ್ನು ಆಧರಿಸಿದ ಪ್ರೋಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಾಕ್ಯಗಳ ಮಾಲೆ ಎಂಬುದು ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರುಗಳಿಗೆ ಖುಷಿ ಕೊಡುವ ಸಂಗತಿ. ಒಮ್ಮೆ ಬರೆದ ಚಿಹ್ನೆಯನ್ನು ಹೆಸರಿಟ್ಟು ಮತ್ತೆ ಮತ್ತೆ ಬಳಸುವ ಸೌಲಭ್ಯ ಇರುವುದರಿಂದ ವಿದ್ಯುತ್ ಮಂಡಲಗಳ ಚಿತ್ರಕ್ಕೆ ನಾನು ಎಕ್ಸ್‌ಫಿಗ್ ಬಿಟ್ಟು ಇದನ್ನೇ ಹಿಡಿಯುತ್ತೇನೆ. ಪಂಪಿನ ಸ್ಟಾರ್ಟರ್ ಚಿತ್ರ ಇದರಲ್ಲೇ ಆಯಿತು. ಬಾಗುಗೆರೆಗಳಲ್ಲಿ ಮಾತ್ರ ಎಕ್ಸ್‌ಫಿಗ್‌ನ ನಯ ಇದಕ್ಕಿಲ್ಲ.

ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲಿಂಟನ್, ಜಾನ್ ವ್ಲಿಸಿಡೀಸ್ ಮತ್ತು ಸಂಗಡಿಗರು ಇಂಟರ್‌ವ್ಯೂಸ್ ಲೈಬ್ರರಿಯ ಮೇಲೆ ಕಟ್ಟಿದ ಐಡ್ರಾ ಮೂರನೆಯದು. ನೋಡಲು ಈ ಮೂರರಲ್ಲೇ ಅಚ್ಚುಕಟ್ಟಾದುದು ಅದು, ವಸ್ತುವನ್ನು ಮೊದಲು ಆರಿಸುವ ಇಂದಿನ ಕ್ರಮವೂ ಅದರಲ್ಲಿದೆ. ಉಳಿಸಿದ ಕಡತವೇ ಪೋಸ್ಟ್‌ಸ್ಕ್ರಿಪ್ಟ್ ಆದ್ದರಿಂದ ಮುದ್ರಕಕ್ಕೆ ನೇರವಾಗಿ ಕಳುಹಿಸಬಹುದು. ಆದರೆ ಸಿ++ನಲ್ಲಿ ಬರೆದ ಇಡೀ ಇಂಟರ್‌ವ್ಯೂಸ್ ಸಂಸಾರವನ್ನು ಈ ಯಂತ್ರದಲ್ಲಿ ಕಂಪೈಲ್ ಮಾಡುವುದು ತಾಳ್ಮೆಯ ಪರೀಕ್ಷೆ, ಅದರ ಸಿ++ ಇಂದಿನ ಕಂಪೈಲರುಗಳಿಗೆ ರುಚಿಸದ ಹಳಗನ್ನಡ. ನಾನು ಅರ್ಧಕ್ಕೆ ಕೈಬಿಟ್ಟು, ಅದರ ಮುಂದುವರಿಕೆಯಾದ ಐವಿಟೂಲ್ಸನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ತೃಪ್ತಿಪಟ್ಟೆ.

ಕಿಟಕಿ, ಗುಂಡಿಗಳನ್ನು ರೂಪಿಸುವ ಎರಡನೆಯ ಕೆಲಸಕ್ಕೆ ಬಂದಾಗ ಉಚಿತ ಸರಕಿನ ಅಂಗಡಿ ಅಷ್ಟು ತುಂಬಿರಲಿಲ್ಲ. 1988ರಲ್ಲಿ ನೆಕ್ಸ್ಟ್ ಯಂತ್ರದೊಂದಿಗೆ ಬಂದ, ಜ್ಯಾಂ-ಮಾರಿ ಯುಲೋ ರೂಪಿಸಿದ ಇಂಟರ್‌ಫೇಸ್ ಬಿಲ್ಡರ್ ಎಲ್ಲರ ಕಣ್ಣು ಕುಕ್ಕಿತ್ತು. ಆದರೆ ಅದು ಆ ಯಂತ್ರ ಕೊಂಡವರ ಸೊತ್ತು. ಬರ್ಕ್ಲಿಯ ಜಾನ್ ಔಸ್ಟರ್‌ಹೌಟ್ ಬರೆದ ಟಿಸಿಎಲ್ ಭಾಷೆ ಮತ್ತು ಕಿಟಕಿಗಳಿಗಾಗಿ ಅದರ ಜೊತೆಗಾರ ಟಿಕೆ ಉಚಿತವಾಗಿದ್ದವು, ಇಂದಿಗೂ ಚೆನ್ನಾಗಿವೆ, ಆದರೆ ಅಲ್ಲಿ ಕಿಟಕಿಯನ್ನು ಸಂಕೇತವಾಗಿ ಬರೆಯಬೇಕು, ಮೌಸ್‌ನಿಂದ ಎಳೆದಿಡುವಂತಿಲ್ಲ. ಎಳೆದಿಡಲು ಸಿಕ್ಕಿದ್ದು ಎಫ್‌ಡಿಸೈನ್.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದ ಮಾರ್ಕ್ ಓವರ್‌ಮಾರ್ಸ್ ಸಿಲಿಕಾನ್ ಗ್ರಾಫಿಕ್ಸ್ ವರ್ಕ್‌ಸ್ಟೇಷನ್‌ಗಳಿಗೆ ಫಾರ್ಮ್ಸ್ ಎಂಬ ಲೈಬ್ರರಿಯನ್ನು ಬರೆದಿದ್ದರು, ಟಿ.ಸಿ. ಝಾವೊ ಅವರ ಜೊತೆಗೂಡಿ ಅದು ಎಕ್ಸ್‌ಫಾರ್ಮ್ಸ್ ಆಯಿತು, ಅದರ ವಿನ್ಯಾಸ ಉಪಕರಣವೇ ಎಫ್‌ಡಿಸೈನ್. ಹಲವು ವರ್ಷ ಇದನ್ನು ಉಚಿತವಾಗಿ ಕೊಡುತ್ತಿದ್ದರೂ ಮೂಲ ಸಂಕೇತವನ್ನು ಕೊಡುತ್ತಿರಲಿಲ್ಲ. 2002ರಲ್ಲಿ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಅದೂ ಬಿಡುಗಡೆಯಾಯಿತು, ಹಾಗಾಗಿಯೇ ಇಂದು ನನ್ನ ಯಂತ್ರದಲ್ಲಿ ಅದನ್ನು ಕಟ್ಟಲು ಸಾಧ್ಯವಾಯಿತು. ಇದೂ ಟಿಗಿಫ್‌ನಂತೆ ಮೋಟಿಫ್, ಅಥೀನಾಗಳ ಹಂಗಿಲ್ಲದ್ದು. ಪಟ್ಟಿಯಿಂದ ವಸ್ತುವಿನ ಜಾತಿಯನ್ನು ಆರಿಸಿ, ಖಾಲಿ ಕಿಟಕಿಯ ಮೇಲೆ ಬಲಗುಂಡಿ ಹಿಡಿದು ಆಯತ ಎಳೆದರೆ ಅಲ್ಲಿ ಗುಂಡಿಯೋ ಜಾರುಪಟ್ಟಿಯೋ ಮೂಡುತ್ತದೆ. ಎಡಗುಂಡಿಯಿಂದ ಅದನ್ನು ಹಿಡಿದು ಸರಿಸಬಹುದು, ಎಫ್1 ಒತ್ತಿದರೆ ಅದರ ಹೆಸರು, ಬಣ್ಣ, ಒತ್ತಿದಾಗ ಕರೆಯಬೇಕಾದ ಫಂಕ್ಷನ್ ಎಲ್ಲವನ್ನೂ ತುಂಬುವ ಫಾರ್ಮು ತೆರೆಯುತ್ತದೆ. ಸಂಪಿನ ಮಟ್ಟಕ್ಕೆ ಒಂದು ನಿಂತ ಜಾರುಪಟ್ಟಿ, ಪಂಪಿಗೆ ಎರಡು ಗುಂಡಿ, ಒತ್ತಡಕ್ಕೆ ಒಂದು ಡಯಲ್: ಕಾಫಿ ಆರುವ ಮುನ್ನ ಕಿಟಕಿ ಸಿದ್ಧವಾಗಿತ್ತು. ಕಂಪೈಲ್ ಮಾಡದೆಯೇ ಅಲ್ಲೇ ಪರೀಕ್ಷಿಸಿ ನೋಡಬಹುದು. ಆಮೇಲೆ ಅದು ಸಿ ಭಾಷೆಯ ಸಂಕೇತವನ್ನು ಬರೆದುಕೊಡುತ್ತದೆ, ಆ ಸಂಕೇತ ಮನುಷ್ಯರು ಓದುವಂತಿದೆ. ಇಂದಿನ ಬಹಳ ಉಪಕರಣಗಳ ಬಗ್ಗೆ ನಾನು ಈ ಮಾತನ್ನು ಹೇಳಲಾರೆ.

ಕೊರತೆ ಎರಡು. ವಸ್ತುಗಳ ಜಾಗ ಪಿಕ್ಸೆಲ್ ಲೆಕ್ಕದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕಿಟಕಿಯನ್ನು ಹಿಗ್ಗಿಸಿದಾಗ ಯಾವುದು ಹಿಗ್ಗಬೇಕು, ಯಾವುದು ಯಾವ ಮೂಲೆಗೆ ಅಂಟಿರಬೇಕು ಎಂಬುದನ್ನು ಒಂದೊಂದಕ್ಕೂ ಕೂತು ಹೇಳಬೇಕು. ಎರಡನೆಯದು ಮತ್ತೆ ನಮ್ಮ ಲಿಪಿಯದು. 'ಪಂಪ್ ಚಾಲೂ' ಎಂದು ಗುಂಡಿಯ ಮೇಲೆ ಬರೆಸಲು ಆಗದೆ, ಆ ಪದವನ್ನು ಲ್ಯಾಪ್‌ಟಾಪಿನಲ್ಲಿ ಎಕ್ಸ್‌ಪಿಎಂ ಚಿತ್ರವಾಗಿ ಮಾಡಿ, ಚಿತ್ರದ ಗುಂಡಿಯಾಗಿ ಕೂರಿಸಿದೆ. ಎಕ್ಸ್‌ಪಿಎಂ ಕಡತವೂ ಓದಬಲ್ಲ ಪಠ್ಯವೇ ಆದ್ದರಿಂದ, ಚಾ ಅಕ್ಷರದ ದೀರ್ಘ ಒಂದು ಪಿಕ್ಸೆಲ್ ಕೆಳಗಿಳಿದದ್ದನ್ನು ವಿಐ ಸಂಪಾದಕದಲ್ಲಿ ಚುಕ್ಕಿ ಎಣಿಸಿ ಮೇಲಕ್ಕೆ ಎತ್ತಿದೆ.

ಇದೇ ಫಾರ್ಮ್ಸ್ ವಂಶದ ಚಹರೆ ಹೊತ್ತ ಎಫ್‌ಎಲ್‌ಟಿಕೆ ಲೈಬ್ರರಿ ಮತ್ತು ಅದರ ಫ್ಲೂಯಿಡ್ ವಿನ್ಯಾಸಕ ಬಿಲ್ ಸ್ಪಿಟ್ಜಾಕ್ ಅವರ ಕೈಕೆಲಸ. ಅದು ಹೆಚ್ಚು ನಾಜೂಕು, ಇಂದಿಗೂ ಬೆಳೆಯುತ್ತಿದೆ, ಹೊಸದಾಗಿ ಕಲಿಯುವವರು ಅದನ್ನೇ ಕಲಿಯುವುದು ಒಳ್ಳೆಯದು. ಆದರೆ ಸ್ಪಾರ್ಕ್‌ಸ್ಟೇಷನ್ನಿನಲ್ಲಿ ರಾತ್ರಿ ಊಟಕ್ಕೆ ಮುಂಚೆ ಕಂಪೈಲ್ ಮಾಡಲು ಹಚ್ಚಿದ್ದು ಬೆಳಗಿನ ತಿಂಡಿಯ ಹೊತ್ತಿಗೂ ಮುಗಿದಿರಲಿಲ್ಲ. ಆ ಯಂತ್ರಕ್ಕೆ ಎಫ್‌ಡಿಸೈನ್ ಸಾಕು.

ಹಳೆಯ ಯಂತ್ರ ಇಲ್ಲದವರೂ ಎಕ್ಸ್‌ಫಿಗ್, ಟಿಗಿಫ್‌ಗಳನ್ನು ಡೆಬಿಯನ್, ಉಬುಂಟುಗಳಲ್ಲಿ ಒಂದೇ ಆಜ್ಞೆಯಿಂದ ಹಾಕಿಕೊಳ್ಳಬಹುದು. ಲ್ಯಾಪ್‌ಟಾಪಿನ ಸ್ಪರ್ಶಫಲಕದಲ್ಲಿ ಮಾತ್ರ ಇವನ್ನು ಪರೀಕ್ಷಿಸಿ ತೀರ್ಪು ಕೊಡಬೇಡಿ. ಎರಡು ಗುಂಡಿ ಒಟ್ಟಿಗೆ ಒತ್ತಿ ನಡುಗುಂಡಿಯ ನಟನೆ ಮಾಡುತ್ತ ಬಹುಕೋನ ಮುಗಿಸಲು ಹೋದವನಿಗೆ ಗೆರೆಯೂ ನಿಲ್ಲುವುದಿಲ್ಲ, ಸಹನೆಯೂ ನಿಲ್ಲುವುದಿಲ್ಲ. ಚಕ್ರವನ್ನು ಒತ್ತಿದರೆ ನಡುಗುಂಡಿಯಾಗುವ ಸಾಧಾರಣ ತಂತಿಯ ಮೌಸ್ ಸಾಕು. ಕೊಳ್ಳುವಾಗ ಚಕ್ರವನ್ನು ಒತ್ತಿ ನೋಡಿ: ಅದು ಉರುಳದೆ, 'ಟಕ್' ಎಂದು ಒಮ್ಮೆ ಮಾತ್ರ ಒಳಗೆ ಹೋಗಬೇಕು. ಉರುಳುತ್ತ ಒಳಹೋಗುವ ಮೌಸಿನಲ್ಲಿ ಎಕ್ಸ್‌ಫಿಗ್‌ನ ಕೊನೆಯ ಬಿಂದು ನೀವಿಟ್ಟ ಜಾಗದಲ್ಲಿ ಕೂರುವುದಿಲ್ಲ.